ಇಂಡಿ ರಾಕ್ ಬ್ಯಾಂಡಿನವ್ರ ಅಡಿಗಿ ಪುಸ್ತಕ: "ಬೇಕಾದಷ್ಟು ಖಾರ" ಅಂದ್ರ ಎಷ್ಟು ಗ್ರಾಂ?

ಟಿಳಕವಾಡಿ_ಬೇಸ್

ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ತಮ್ಮ ಹಾಡು ತಾವ ಕಟ್ಟಿ ಬಾರಿಸೋ ಬ್ಯಾಂಡಿನವ್ರ ಕಡಿಂದ ಒಬ್ಬೊಬ್ಬರದು ಒಂದೊಂದು ಅಡಿಗಿ ತಗೊಂಡು ಸಣ್ಣ ಪುಸ್ತಕ ಮಾಡಾಕತ್ತೀವಿ. (ಇಂಡಿ ಅಂದ್ರ ಲಿಂಬಿಹಣ್ಣಿನ ಇಂಡಿ ಊರು ಅಲ್ಲರಿ, ಕಂಪನಿ ಹಂಗಿನಾಗ ಇಲ್ಲದ ಬಾರಿಸೋರು. ಹಿಂಡಿ, ಅಂದ್ರ ಚಟ್ನಿ ಪುಡಿ, ಮಾತ್ರ ಪುಸ್ತಕದಾಗ ಐತಿ, ಮೂರು ನಮೂನಿ.)

34 ಅಡಿಗಿ ಬಂದಾವು. ಎಲ್ಲಾ ವಾಟ್ಸಾಪ್ ವಾಯ್ಸ್ ಮೆಸೇಜು. "ಒಂದ ಹಿಡಿ ಶೇಂಗಾ, ಬೇಕಾದಷ್ಟು ಖಾರ, ಬಾಯಿಗೆ ಹತ್ತೂವಷ್ಟು ಉಪ್ಪು, ಮುಗೀತು ನೋಡಪಾ" ಅಂತ ಹೇಳ್ಯಾರ. ಒಬ್ಬರು ಚಟಾಕು ಅಂತಾರ, ಇನ್ನೊಬ್ಬರು ವಾಟಿ ಅಂತಾರ, ಮತ್ತೊಬ್ಬರದು ಅಜ್ಜಿ ಕಾಲದ ಸೇರು. ಇದನ್ನೆಲ್ಲಾ ಒಂದ ಅಳತಿಗೆ ತರೂದು ಹೆಂಗ? ಓದೋರು ಬಹಳ ಮಂದಿ ರೂಮ್ ಮಾಡಿಕೊಂಡು ಇರೋ ಹುಡುಗರು, ಒಂದ ಇಂಡಕ್ಷನ್ ಒಲಿ, ಒಂದ ಕುಕ್ಕರ್, ಒಂದ ತವಾ. ಮಾತಿನ ಧಾಟಿ ಕೆಡಬಾರದು, ಅಡಿಗೀನೂ ಕೆಡಬಾರದು. ಪ್ರಿಂಟ್ ಬಗ್ಗೆ ಗೊತ್ತಿದ್ದವರೂ ಹೇಳ್ರಿ.

ತಕ್ಕಡಿ_ವಿಜಯಪುರ

ವಾಯ್ಸ್ ಮೆಸೇಜ್ ಕೇಳಿ ಅಳತಿ ಬರೀಲಿಕ್ಕೆ ಹೋಗಬ್ಯಾಡ್ರಿ. ಫೋನ್ ಹಚ್ಚಿ "ಎಷ್ಟು ಗ್ರಾಂ" ಅಂತ ಕೇಳಿದ್ರೂ ಉಪಯೋಗ ಇಲ್ಲ, ಅವರಿಗೂ ಗೊತ್ತಿರೂದಿಲ್ಲ, ಅಂದಾಜಿಗೆ ಒಂದು ಅಂಕಿ ಹೇಳತಾರ. ಅವರು ಮಾಡೂ ಮುಂದ ನೀವು ತೂಗಬೇಕು. ಅದೂ ಹಾಕೂ ಕೈ ತಡದು ತೂಗೂದಲ್ಲ. ಕೈ ತಡದ್ರ ಕೈ ಲೆಕ್ಕ ತಪ್ಪತದ.

ಹೀಂಗ ಮಾಡ್ರಿ. 1 ಗ್ರಾಂ ತೋರಿಸೋ 5 ಕೆಜಿ ತಕ್ಕಡಿ ಒಂದು ಇಟ್ಕೋರಿ. ಅಡಿಗಿ ಶುರು ಆಗೂಕಿಂತ ಮೊದಲ ಖಾರದ ಡಬ್ಬಿ, ಉಪ್ಪಿನ ಡಬ್ಬಿ, ಎಣ್ಣಿ ಬಾಟ್ಲಿ, ಬೆಲ್ಲದ ಪುಡಕಿ ಎಲ್ಲಾ ಮುಚ್ಚಳ ಸಮೇತ ತೂಗಿ ಬರಕೋರಿ. ಆಮ್ಯಾಲ ಅವರ ಪಾಡಿಗೆ ಅವರು ಮಾಡಲಿ. ಮುಗದ ಮ್ಯಾಲ ಅವೇ ಡಬ್ಬಿ ಮತ್ತ ತೂಗ್ರಿ. ಕಡಿಮಿ ಆದದ್ದೇ ಹಾಕಿದ್ದು. ನೀರಿಗೆ 1 ಲೀಟರ್ ಬಾಟ್ಲಿ ಇಡ್ರಿ, ಅದರಿಂದಲೇ ಹಾಕಲಿ. ಕಾಯಿಪಲ್ಲೆ ಸೋಸೂ ಮೊದಲು ಒಂದ ಸಲ, ಸೋಸಿದ ಮ್ಯಾಲ ಒಂದ ಸಲ ತೂಗ್ರಿ. ಮೆಂತ್ಯೆ ಪಲ್ಲೆದಾಗ ಹೆಚ್ಚೂಕಡಿಮಿ ಅರ್ಧ ತೂಕ ಕಡ್ಡಿ-ಬೇರಿನಾಗೇ ಹೋಗತದ, "ಕಾಲ್ ಕೆಜಿ ಮೆಂತ್ಯೆ" ಅಂತ ಬರದ್ರ ಯಾವ ಕಾಲ್ ಕೆಜಿ ಅಂತ ಓದೋರಿಗೆ ತಿಳೀಬೇಕಲ್ಲ. ಎರಡು ಸಲ ಮಾಡಿಸ್ರಿ. ಎರಡರ ನಡುವ ಕಾಲು ಪಾಲಿಗಿಂತ ಹೆಚ್ಚು ಫರಕ್ ಬಂದ್ರ ಮೂರನೇ ಸಲ.

ಹಳೇ ಅಳತಿ: ತೊಲಿ 11.66 ಗ್ರಾಂ, ಚಟಾಕು 5 ತೊಲಿ ಅಂದ್ರ 58 ಗ್ರಾಂ, ತೂಕದ ಸೇರು 80 ತೊಲಿ ಅಂದ್ರ 933 ಗ್ರಾಂ. ಆದ್ರ ಕಾಳು ಅಳಿಯೋ ಸೇರು ಬ್ಯಾರೆ, ಅದು ಊರಿಗೊಂದು. ಅಜ್ಜಿ ಸೇರು ಅಂದ್ರ ಆ ಸೇರಿನಾಗ ನೀರು ತುಂಬಿ ಎಷ್ಟು ಮಿಲಿ ಅಂತ ನೋಡೂದೊಂದೇ ದಾರಿ. ವಾಟಿದೂ ಅದೇ ಹಣೆಬರಹ. ಒಬ್ಬರ ಮನ್ಯಾಗ 120 ಮಿಲಿ, ಇನ್ನೊಬ್ಬರಲ್ಲಿ 180.

ಕಪ್ಪಿನ ಲೆಕ್ಕ ಬೇಕೇಬೇಕು ಅಂದ್ರ 240 ಮಿಲಿ ಕಪ್ಪಿಗೆ ಜ್ವಾಳದ ಹಿಟ್ಟು ಸುಮಾರು 120 ಗ್ರಾಂ, ಸೋಸಿದ ಕಡ್ಲಿಹಿಟ್ಟು 95, ಶೇಂಗಾ 145, ಸಕ್ರಿ 200. ಹಿಟ್ಟು ಒತ್ತಿ ತುಂಬಿದ್ರ 120 ಇದ್ದದ್ದು 150 ಆಗತದ, ಅದಕ್ಕ ಹಿಟ್ಟಿಗೆ ಕಪ್ಪು ಬ್ಯಾಡ. ಪುಡಿ ಉಪ್ಪು 5 ಮಿಲಿ ಚಮಚಕ್ಕ 6 ಗ್ರಾಂ. ಹಳ್ಳುಪ್ಪು ಚಮಚದಾಗ ಸಂದಿ ಬಿಟ್ಟು ಕೂಡತದ, ಕಡಿಮಿ ತೂಗತದ. ಯಾವ ಉಪ್ಪು ಅಂತ ಬರೀರಿ.

ಇನ್ನ ಖಾರ. ನಮ್ಮ ಕಡೆ ಪುಸ್ತಕಗಳು ಕೆಡೂದು ಇಲ್ಲೇ. "ಖಾರ" ಅಂದ್ರ ಒಬ್ಬರಿಗೆ ಒಣಮೆಣಸಿನಕಾಯಿ ಪುಡಿ, ಇನ್ನೊಬ್ಬರಿಗೆ ಮಸಾಲಿ ಖಾರ. ಮಸಾಲಿ ಖಾರದಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೊಬ್ಬರಿ, ಎಣ್ಣಿ ಎಲ್ಲಾ ಸೇರಿರತದ, ಉಪ್ಪೂ ಇರತದ. ಅದರ ಬದಲಿ ಬರೇ ಪುಡಿ ಅಷ್ಟೇ ಗ್ರಾಂ ಹಾಕಿದ್ರ ಬಾಯಿ ಸುಡತದ, ಪಲ್ಲೆ ಸಪ್ಪಗಾಗತದ. ಪುಡಿ ಆದ್ರೂ ಬ್ಯಾಡಗಿದೋ ಗುಂಟೂರಿಂದೋ ಬರೀರಿ. ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ.

ಬಡದ_ರೊಟ್ಟಿ_ಬಾಗಲಕೋಟಿ

ತಕ್ಕಡಿ ಸರ್ ಹೇಳಿದ್ದು ಬರೋಬ್ಬರಿ. ಆದ್ರ ಗ್ರಾಂ ಒಂದ ಬರದ್ರ ರೂಮಿನ ಹುಡುಗರು ಪುಸ್ತಕ ಮುಚ್ಚಿಡತಾರ್ರಿ, ತಕ್ಕಡಿ ಯಾರ ಕಡೆ ಐತಿ? ಗ್ರಾಂ ಮೊದಲು, ಪಕ್ಕದಾಗ ಹಿಡಿ ಅಥವಾ ಚಮಚ. "ಶೇಂಗಾ 75 ಗ್ರಾಂ, ಎರಡು ಹಿಡಿ" ಅಂತ ಇರಲಿ. ಸಾಮಾನಿನ ಪಟ್ಟಿ ಒಲಿಗೆ ಬೀಳೂ ಕ್ರಮದಾಗ. ಕಡೀಕ "ಎಲ್ಲಿ ಕೆಡತೈತಿ" ಅಂತ ಎರಡು ಸಾಲು. ಹಾಡೋರ ಬಾಯಿ ಮಾತು ಒಂದು ಸಾಲು ಹೇಳಿದ್ದ ಹೇಳಿದಂಗ ಮ್ಯಾಲ ಹಾಕ್ರಿ, ಕೆಳಗ ಅಳತಿ ನಿಮ್ಮದು. ಎರಡನ್ನೂ ಕಲಸಾಕ ಹೋಗಬ್ಯಾಡ್ರಿ.

ಎಣಗಾಯಿ (ಮಸಾಲಿ ತುಂಬಿದ ಬದನಿಕಾಯಿ ಪಲ್ಲೆ) ನಿಮ್ಮ ಪಟ್ಟಿಯೊಳಗ ಇದ್ದ ಇರತೈತಿ. ನಾಲ್ಕು ಮಂದಿಗೆ: ಸಣ್ಣ ಬದನಿಕಾಯಿ 500 ಗ್ರಾಂ (10-12), ಹುರದ ಶೇಂಗಾ 75 ಗ್ರಾಂ, ಗುರೆಳ್ಳು (ಹುಚ್ಚೆಳ್ಳು) 20, ಎಳ್ಳು 20, ಒಣಕೊಬ್ಬರಿ 25, ಉಳ್ಳಾಗಡ್ಡಿ 150, ಬಳ್ಳೊಳ್ಳಿ 10 ಎಸಳು, ಹುಣಸಿಹಣ್ಣು 15, ಬೆಲ್ಲ 15, ಮಸಾಲಿ ಖಾರ 20, ಅರಿಶಿಣ ಅರ್ಧ ಚಮಚ, ಪುಡಿ ಉಪ್ಪು 8 ಗ್ರಾಂ, ಎಣ್ಣಿ 75 ಮಿಲಿ, ನೀರು 300 ಮಿಲಿ. ಶೇಂಗಾ, ಎಳ್ಳು, ಗುರೆಳ್ಳು ಬ್ಯಾರೆ ಬ್ಯಾರೆ ಹುರೀಬೇಕು. ಶೇಂಗಾಕ್ಕ ಸಣ್ಣ ಉರಿ ಮ್ಯಾಲ 8-10 ನಿಮಿಷ ಬೇಕು, ಎಳ್ಳು ಎರಡು ನಿಮಿಷದಾಗ ಚಟಪಟ ಅಂತೈತಿ. ಗುರೆಳ್ಳು ಕರ್ರಗ ಇರೂದರಿಂದ ಹತ್ತಿದ್ದು ಕಣ್ಣಿಗೆ ತಿಳಿಯೂದಿಲ್ಲ, ವಾಸನಿ ಮ್ಯಾಲ ಇಳಸಬೇಕು. ಹತ್ತಿತಂದ್ರ ಇಡೀ ಪಲ್ಲೆ ಕಹಿ. ಎಲ್ಲಾ ತರಿತರಿ ಕುಟ್ಟಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಹುಣಸಿ ರಸ, ಬೆಲ್ಲ, ಖಾರ, ಉಪ್ಪು ಕಲಸಿ ತುಂಬ್ರಿ. ಬದನಿಕಾಯಿ ತೊಟ್ಟು ತಗೀಬ್ಯಾಡ್ರಿ, ನಾಲ್ಕು ಸೀಳು, ಬುಡ ಕೂಡಿರಬೇಕು. ಸೀಳಿದ್ದು ಉಪ್ಪು ನೀರಾಗ ಇರಲಿ, ಕಪ್ಪಾಗೂದಿಲ್ಲ. ಎಣ್ಣಿಯೊಳಗ 5 ನಿಮಿಷ ಹೊರಳಿಸಿ, ಉಳಿದ ಮಸಾಲಿ, ನೀರು ಹಾಕಿ, ಮುಚ್ಚಿ ಸಣ್ಣ ಉರಿಯಾಗ 20-25 ನಿಮಿಷ. ಎಣ್ಣಿ ಮ್ಯಾಲ ತೇಲಿತಂದ್ರ ಆತು. ಕುಕ್ಕರಿನಾಗ ಸೀಟಿ ಹೊಡಸಿದ್ರ ಬದನಿಕಾಯಿ ಒಡದು ಭರ್ತ ಆಗತಾವು. ಕುಕ್ಕರ್ ಇದ್ರ ಸೀಟಿ ತಗದು ಬರೇ ಮುಚ್ಚಳ ಇಡ್ರಿ.

20 ಮಂದಿಗೆ ಮಾಡೂದಿದ್ರ ಎಲ್ಲಾ ಐದು ಪಟ್ಟು ಮಾಡಬ್ಯಾಡ್ರಿ. ದೊಡ್ಡ ಪಾತೇಲಿಯಾಗ ಆಳ ಹೆಚ್ಚು, ನೀರು ಆರೂದು ಕಡಿಮಿ. ನೀರು, ಎಣ್ಣಿ ಮೂರೂವರಿ ಪಟ್ಟು ಸಾಕು. ಉಪ್ಪು, ಖಾರ ನಾಲ್ಕು ಪಟ್ಟು ಹಾಕಿ ರುಚಿ ನೋಡಿ ಏರಿಸ್ರಿ.

ರೊಟ್ಟಿ: ಜ್ವಾಳದ ಹಿಟ್ಟು 250 ಗ್ರಾಂ, ಕುದಿಯೋ ನೀರು 220 ರಿಂದ 250 ಮಿಲಿ, 60 ಗ್ರಾಂ ಉಂಡಿ ಮಾಡಿದ್ರ 8 ರೊಟ್ಟಿ. ಜ್ವಾಳದಾಗ ಗೋಧಿಯಂಗ ಜಿಗಿ ಇಲ್ಲ. ಕುದಿ ನೀರು ಬಿದ್ದ ಮ್ಯಾಲ ಹಿಟ್ಟಿನ ಗಂಜಿ ಅಂಟಾಗತೈತಿ, ಅದರ ಮ್ಯಾಲ ನಿಂತಿರತೈತಿ ರೊಟ್ಟಿ. ನೀರು ಬೆಚ್ಚಗ ಇದ್ರ ಅಂಚು ಸೀಳತಾವು. ಬೀಸಿ ತಿಂಗಳಾದ ಹಿಟ್ಟಾದ್ರೂ ಸೀಳತಾವು, ಅದಕ್ಕ ಪ್ಯಾಕೆಟ್ ಹಿಟ್ಟಿಗಿಂತ ಗಿರಣಿ ಹಿಟ್ಟು. 200 ಮಿಲಿ ಹಾಕಿ ಚಮಚದಿಂದ ಕಲಸಿ 2 ನಿಮಿಷ ಮುಚ್ಚಿಡ್ರಿ, ಕೈ ತಡಿಯೂ ಹೊತ್ತಿಗೆ 5 ನಿಮಿಷ ನಾದ್ರಿ, ಉಳಿದ ನೀರು ಚಮಚ ಚಮಚ ಹಾಕ್ರಿ. ತವಾಕ್ಕ ಹಾಕಿದ ಕೂಡಲೇ ಮ್ಯಾಲ ತೋಯ್ದ ಅರಿವಿ ಸವರಬೇಕು, ನೀರು ಆರೂ ಮುಂಚೆ ಹೊಳ್ಳಿ ಹಾಕಬೇಕು. ತಡ ಆದ್ರ ಒಡದು ಉಬ್ಬೂದಿಲ್ಲ. ಇಂಡಕ್ಷನ್ ಮ್ಯಾಲ ಅಲ್ಯೂಮಿನಿಯಂ ತವಾ ಕಾಯೂದ ಇಲ್ಲ, ಕಬ್ಬಿಣದ್ದು ಬೇಕು. ಉರಿ ಇಲ್ಲದ್ದಕ್ಕ ಅರಿವಿಯಿಂದ ಅಂಚು ಒತ್ತಿ ಉಬ್ಬಿಸಬೇಕು.

ಡ್ರಮ್ಮರ್ ಕೈಯಾಗ ರೊಟ್ಟಿ ಛಲೋ ಬರತಾವು ಅನ್ನೂದು ಚೇಷ್ಟಿ ಮಾತು. ಬಡಿಯೂದರಾಗ ಜೋರು ಬ್ಯಾಡ, ಎಡಗೈ ತಿರುಗಿಸೂದು ಮುಖ್ಯ.

ಟಿಳಕವಾಡಿ_ಬೇಸ್

ಭಾರಿ ಉಪಕಾರ ಆತ್ರಿ ಅಕ್ಕಾರ, ಸರ್. ಇನ್ನೊಂದು ಸಿಕ್ಕು ಐತಿ. ಅಮೀನಗಡ ಕಡೆಯ ಕೀಬೋರ್ಡ್ ಹುಡುಗ ಕರದಂಟು (ಅಂಟು, ಬೆಲ್ಲದ ಸಿಹಿ) ಮಾಡೂ ರೀತಿ ಕಳಿಸ್ಯಾನ. ಎರಡು ಸಲ ಮಾಡಿದ್ವಿ, ಒಂದ ಸಲ ಹಲ್ಲಿಗೆ ಹತ್ತಿತು, ಒಂದ ಸಲ ಕಲ್ಲಾತು. ಮತ್ತ, ಅಡಿಗಿ ಜೋಡಿ ಆ ಬ್ಯಾಂಡಿನ ಹಾಡಿನ ನಾಲ್ಕು ಸಾಲು ಹಾಕಬಹುದೇನು?

ಬಡದ_ರೊಟ್ಟಿ_ಬಾಗಲಕೋಟಿ

ಹಲ್ಲಿಗೆ ಹತ್ತಿದ್ದು ಅಂಟಿನ ತಪ್ಪು, ಕಲ್ಲಾದದ್ದು ಬೆಲ್ಲದ ತಪ್ಪು. ಅಂಟು (ತಿನ್ನೋ ಗೋಂದು) 100 ಗ್ರಾಂ ಕಡ್ಲಿಕಾಳಿನಷ್ಟು ಒಡೀರಿ, ತಾಸೊತ್ತು ಬಿಸಲಿಗೆ ಹಾಕ್ರಿ, ಹಸಿ ಇದ್ರ ಅರಳೂದಿಲ್ಲ. ತುಪ್ಪದಾಗ ನಡುವಿನ ಉರಿಯಾಗ ಒಂದೊಂದು ಚಮಚ ಹಾಕಿ ಕರೀರಿ. ದೊಡ್ಡ ಉರಿಯಾಗ ಮ್ಯಾಲ ಅರಳಿ ಒಳಗ ಹಸಿ ಉಳೀತೈತಿ. ಒಂದು ಬೆರಳಾಗ ಹಿಚುಕಿ ನೋಡ್ರಿ, ಪುಡಿ ಆಗಬೇಕು, ನಡುವ ಗಟ್ಟಿ ಕಾಳು ಸಿಗಬಾರದು. ಬೆಲ್ಲ 300 ಗ್ರಾಂ, ನೀರು 60 ಮಿಲಿ. ಪಾಕ ತಣ್ಣೀರಿಗೆ ಬಿಟ್ರ ಮೆತ್ತನ್ನ ಉಂಡಿ ಕಟ್ಟಬೇಕು, ಥರ್ಮಾಮೀಟರ್ ಇದ್ರ 115-118 ಡಿಗ್ರಿ. ಉಂಡಿ ಟಣ್ ಅಂತ ಸಪ್ಪಳ ಮಾಡಿತಂದ್ರ ದಾಟೇತಿ. ಆಗ ಎರಡು ಚಮಚ ನೀರು ಹಾಕಿ ಮತ್ತ ಕುದಸ್ರಿ. ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲಾ ಮೊದಲ ಹೆಚ್ಚಿ ಬೆಚ್ಚಗ ಇಟ್ಟಿರಬೇಕು. ತಣ್ಣಂದು ಹಾಕಿದ್ರ ಪಾಕ ಅಲ್ಲೇ ಬಿಗೀತೈತಿ. ಬಿಸಿ ಇದ್ದಾಗ ಕೊಯ್ಯಿರಿ.

ಮೊಳೆ_ಮತ್ತು_ಮಸಿ

ಪ್ರಿಂಟ್ ವಿಷಯ ನಾನು ಹೇಳತೀನಿ.

ಪುಸ್ತಕ 16 ಪುಟದ ಫಾರ್ಮಿನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಕಂತಿನಲ್ಲಿ, ಅಚ್ಚಾಗುತ್ತದೆ. 34 ಅಡುಗೆಗೆ ಎರಡೆರಡು ಪುಟ ಅಂದರೆ 68. ಮುಂದೆ 9, ಹಿಂದೆ 3 ಪುಟ ಸೇರಿಸಿ 80 ಮಾಡಿ, ಸರಿಯಾಗಿ 5 ಫಾರ್ಮ್. ಮುಂದೆ 9 ಯಾಕೆ ಅಂದರೆ ಮೊದಲ ಅಡುಗೆ 10ನೇ ಪುಟಕ್ಕೆ, ಎಡಗಡೆ ಶುರುವಾಗಬೇಕು. ಆಗ ಪ್ರತಿ ಅಡುಗೆಯೂ ಎದುರುಬದುರು ಪುಟದಲ್ಲೇ ಮುಗಿಯುತ್ತದೆ, ಹಿಟ್ಟಿನ ಕೈಯಲ್ಲಿ ಪುಟ ತಿರುವುವ ಕೆಲಸ ಇಲ್ಲ. ಸೈಜು ಡೆಮಿ ಅಷ್ಟಾಂಶ, 5.5 × 8.5 ಇಂಚು. ಒಳಗೆ 80 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ (ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ), ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಕಾರ್ಡು, ಮೇಲೆ ಲ್ಯಾಮಿನೇಶನ್. ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಗೋಂದು ಹಚ್ಚುವುದು) ಕಪಾಟಿನಲ್ಲಿ ಚೆಂದ, ಅಡುಗೆಮನೆಯಲ್ಲಿ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಬಲವಂತವಾಗಿ ಬಿಡಿಸಿದರೆ ಗೋಂದು ಬಿಟ್ಟು ಹಾಳೆ ಉದುರುತ್ತವೆ. ನನ್ನ ಮತ ತಂತಿ ಸುರುಳಿಯ ವೈರೋ ಬೈಂಡಿಂಗಿಗೆ, ಇಲ್ಲವೆಂದರೆ ದಾರದ ಹೊಲಿಗೆಗೆ. 300 ಪ್ರತಿಯೊಳಗೆ ಇದ್ದರೆ ಡಿಜಿಟಲ್, 500 ದಾಟಿದರೆ ಆಫ್‌ಸೆಟ್.

ಅಕ್ಷರದ ಗಂಡಾಂತರ ಒಂದಿದೆ. ನಿಮ್ಮ ಟೈಪಿಂಗ್ ಯೂನಿಕೋಡ್. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇಟ್ಟುಕೊಂಡ ಪ್ರೆಸ್ಸಿನವರು ಅದನ್ನು ನುಡಿ ತಂತ್ರಾಂಶದ ಹಳೇ ಫಾಂಟಿಗೆ ಪರಿವರ್ತಿಸುತ್ತಾರೆ. ಆಗ ಅರ್ಕಾವತ್ತು, ಒತ್ತಕ್ಷರ ತಪ್ಪುವುದು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕಣ್ಣಿಗೆ ಬೀಳದ್ದು ಅಂಕಿ. ½ ಇದ್ದದ್ದು 12 ಆಗಿ ಕೂತುಬಿಡಬಹುದು. ಅರ್ಧ ಚಮಚ ಉಪ್ಪು 12 ಚಮಚ ಆದರೆ ಏನು ಗತಿ! ಅರ್ಧ, ಕಾಲು, ಮುಕ್ಕಾಲು ಎಲ್ಲ ಅಕ್ಷರದಲ್ಲೇ ಬರೆಯಿರಿ. ಡಿಗ್ರಿ ಚಿಹ್ನೆಯೂ ಬೇಡ. ಇನ್‌ಡಿಸೈನ್‌ನಲ್ಲಿ ಮಾಡುವುದಾದರೆ ಅದರ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಇರಬೇಕು, ಇಲ್ಲವಾದರೆ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಕೊನೆಯ ಪ್ರೂಫನ್ನು ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಂಕಿಗಳನ್ನು ಮಾತ್ರ ನೋಡಬೇಕು.

ಹಾಡಿನ ಸಾಲು: ಬರೆದವರ ಲಿಖಿತ ಒಪ್ಪಿಗೆ ಇಲ್ಲದೆ ಹಾಕಬೇಡಿ. ಬ್ಯಾಂಡಿನ ಹಾಡು ಅಂದ ಮಾತ್ರಕ್ಕೆ ಹಾಡಿದವರದ್ದೇ ಸಾಹಿತ್ಯ ಅಂತಲ್ಲ, ಬರೆದ ಗೆಳೆಯ ಬೇರೆ ಇರಬಹುದು. ಯಾವುದಾದರೂ ಕಂಪನಿಗೆ ಹಕ್ಕು ಬರೆದುಕೊಟ್ಟಿದ್ದರೆ ಅವರನ್ನೂ ಕೇಳಬೇಕು. ಬೇರೆಯವರ ಹಾಡನ್ನು ಕವರ್ ಮಾಡಿದ್ದರೆ ಆ ಸಾಲು ಬಿಟ್ಟುಬಿಡಿ. ಅಡುಗೆಯ ಬರೀ ಸಾಮಾನು ಪಟ್ಟಿಯ ಮೇಲೆ ಹಕ್ಕು ಸಾಧಿಸುವುದು ಕಷ್ಟ, ಆದರೆ ವಿವರಿಸಿ ಬರೆದ ರೀತಿ ಮತ್ತು ಫೋಟೊ 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರುತ್ತವೆ. 34 ಜನರಿಂದಲೂ ಒಂದೊಂದು ಹಾಳೆ ಸಹಿ ಮಾಡಿಸಿ: ಹೆಸರು ಹೇಗೆ ಅಚ್ಚಾಗಬೇಕು, ಮರುಮುದ್ರಣಕ್ಕೆ ಒಪ್ಪಿಗೆ, ಗೌರವಪ್ರತಿ ಎಷ್ಟು, ಉಳಿದ ಹಣ ಎಲ್ಲಿಗೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಉಚಿತ, ಅಚ್ಚಿಗೆ ಕೊಡುವ ಮೊದಲೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ.

ತಕ್ಕಡಿ_ವಿಜಯಪುರ

ಮರತಿದ್ದೆ. ಶೇಂಗಾ, ಎಳ್ಳು, ಗೋಡಂಬಿ ಇದ್ದ ಅಡಿಗಿಗೆ ಮ್ಯಾಲ ಒಂದು ಗುರುತು ಹಾಕ್ರಿ. ಅಲರ್ಜಿ ಇದ್ದವರಿಗೆ ನಮ್ಮ ಕಡೆ ಅಡಿಗಿ ಭಾಳ ಕಷ್ಟ, ಹಿಂಡಿ ಇಲ್ಲದ ತಾಟೇ ಇಲ್ಲ. ಮತ್ತ ಹಿಂಡಿ ಮಿಕ್ಸರಿನಾಗ ಮಾಡೋರಿಗೆ ಬರೀರಿ: ಶೇಂಗಾ ಪೂರ್ತಿ ಆರಿರಬೇಕು, ಎರಡೆರಡು ಸೆಕೆಂಡ್ ಬಿಟ್ಟು ಬಿಟ್ಟು ತಿರುವಬೇಕು. ಒಂದೇ ಸವನ ತಿರುವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗತದ.

ಟಿಳಕವಾಡಿ_ಬೇಸ್

ಬರಕೊಂಡೆ ಎಲ್ಲಾ. ಕಡೀದೊಂದು, ಬೆಂಗಳೂರಾಗ ಇರೋ ಹುಡುಗರಿಗೆ ಗುರೆಳ್ಳು ಸಿಗೂದಿಲ್ಲಂತ. ಎಣಗಾಯಿಗೆ ಅಗಸಿ ಹಾಕಿದ್ರ ನಡೀತೈತೇನು?

ಬಡದ_ರೊಟ್ಟಿ_ಬಾಗಲಕೋಟಿ

ನಡಿಯೂದಿಲ್ಲ ತಮ್ಮಾ. ಅಗಸಿ ನೀರು ಹೀರಿ ಲೋಳಿ ಬಿಡತೈತಿ, ರಸ ಜೋಲತೈತಿ. ಅಲ್ಲಿ ಅಂಗಡಿಯಾಗ ಹುಚ್ಚೆಳ್ಳು ಅಂತ ಕೇಳಾಕ ಹೇಳು, ಅದ ಇದು. ಅದೂ ಸಿಗಲಿಲ್ಲಂದ್ರ ಎಳ್ಳು 40 ಗ್ರಾಂ ಮಾಡು, ಅಷ್ಟ.