ಪದಚರ್ಚೆ: ‘ಲಿಂಫೋಬ್ಲಾಸ್ಟಿಕ್ ಲಿಂಫೋಮಾ’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ರೋಗಿಯ ಮನೆಯವರ ಕೈಗೆ ಕೊಡುವ ಎರಡು ಪುಟದ ಕರಪತ್ರ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮೊದಲು ಅನುವಾದ ಮಾಡಿದವರು ತಲೆಬರಹಕ್ಕೆ ‘ದುಗ್ಧಕಣ ಸ್ಫೋಟಕ ಅರ್ಬುದ’ ಎಂದು ಹಾಕಿದ್ದಾರೆ. ಓದುವವರು ಕಾಯಿಲೆಗಿಂತ ಮೊದಲು ಹೆಸರಿಗೇ ಹೆದರುತ್ತಾರೆ. ವಿಷಯ ಇಷ್ಟು: ಇದೊಂದು ಕ್ಯಾನ್ಸರ್. ಲಿಂಫೋಸೈಟ್ ಅನ್ನುವುದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಅದು ಪೂರ್ತಿ ಬಲಿಯುವ ಮೊದಲೇ ಕೆಟ್ಟು, ಲಂಗುಲಗಾಮಿಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಎದೆಯ ನಡುವಿನ ಥೈಮಸ್‌ನಲ್ಲೋ ಕತ್ತಿನ ಗ್ರಂಥಿಗಳಲ್ಲೋ ಸೇರಿಕೊಂಡು ಊದುತ್ತದೆ. ಕೆಮ್ಮು, ಉಬ್ಬಸ, ಕೆಲವರಿಗೆ ಮುಖ ಬಾವು. ಹದಿಹರೆಯದವರಲ್ಲಿ, ಅದರಲ್ಲೂ ಹುಡುಗರಲ್ಲಿ ಜಾಸ್ತಿ. ರಾತ್ರಿಯೊಳಗೆ ಒಂದು ಪದ ಕೊಡಿ.

*

ಸ್ಫೋಟ! ಈ ‘ಬ್ಲಾಸ್ಟ್’ ಬಾಂಬಿನದ್ದಲ್ಲ ಮಾರಾಯ್ರೇ, ಗ್ರೀಕಿನ ‘ಬ್ಲಾಸ್ಟೋಸ್’. ಮೊಳಕೆ, ಚಿಗುರು ಎಂದು ಅರ್ಥ. ‘ಓಮಾ’ ಅಂದರೆ ಗಡ್ಡೆ. ‘ಮೊಳಕೆಕಣದ ಗಡ್ಡೆ’ ಅನ್ನಿ, ಮುಗೀತು.

ಇನ್ನು ಆ ‘ದುಗ್ಧ’. ದುಗ್ಧ ಅಂದರೆ ಹಾಲು. ಲಿಂಫ್, ಅಂದರೆ ಈ ಬಿಳಿಕಣಗಳನ್ನು ಹೊತ್ತು ಮೈಯಲ್ಲಿ ಹರಿಯುವ ದ್ರವ, ಹಾಲಿನ ಬಣ್ಣಕ್ಕೆ ತಿರುಗುವುದು ಕರುಳಿನಿಂದ ಕೊಬ್ಬು ಹೊತ್ತು ಹೊರಟಾಗ ಮಾತ್ರ. ಉಳಿದ ಕಡೆಯೆಲ್ಲ ಅದು ತಿಳಿ. ಲ್ಯಾಟಿನ್‌ನ ‘ಲಿಂಫಾ’ಗೂ ತಿಳಿನೀರು ಎಂದೇ ಅರ್ಥ. ನಾವು ಮಾತ್ರ ಹಾಲನ್ನು ಒಂದು ಪಠ್ಯಪುಸ್ತಕದಿಂದ ಇನ್ನೊಂದಕ್ಕೆ ಸುರಿಯುತ್ತಾ ಕೂತಿದ್ದೇವೆ. ‘ತಿಳಿರಸ’ ಅನ್ನಿ ಅಂತ ಎಷ್ಟನೇ ಸಲ ಬರೆಯುತ್ತಿದ್ದೇನೋ.

*

ದುಗ್ಧ, ಸ್ಫೋಟ, ಅರ್ಬುದ. ಮೂರರಲ್ಲಿ ಒಂದೂ ನಮ್ಮದಲ್ಲ. ‘ರಸ’ವೂ ಅಲ್ಲ. ‘ಎಳೆಬಿಳಿಕಣದ ಏಡಿಗಂತಿ’ ಎಂದು ಹಾಕಿ. ಕ್ಯಾನ್ಸರ್ ಅಂದರೆ ಲ್ಯಾಟಿನ್‌ನಲ್ಲಿ ಏಡಿ ತಾನೇ? ಮಹಾಪ್ರಾಣವೂ ಇಲ್ಲ. ಮತ್ತೆ, ನೆತ್ತರು ಇರುವಾಗ ರಕ್ತ ಯಾಕೆ?

*

‘ಕಣ’ ಸಂಸ್ಕೃತದ್ದು ಸ್ವಾಮಿ. ಗಮನಿಸಲಿಲ್ವಾ?

ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಎರಡು ಮಾತು. ‘ಗಡ್ಡೆ’ ಬೇಡವೇ ಬೇಡ. ಗಡ್ಡೆ ಅಂದ ಕೂಡಲೇ ಮನೆಯವರು ‘ಹಾಗಾದ್ರೆ ಕೊಯ್ದು ತೆಗೆದುಬಿಡಿ’ ಅನ್ನುತ್ತಾರೆ. ಇದು ಕೊಯ್ದರೆ ಹೋಗುವ ಕಾಯಿಲೆಯಲ್ಲ. ಸುಮಾರು 2 ವರ್ಷದ ಕೀಮೋ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೂ ಸೂಜಿಯಲ್ಲಿ ಮದ್ದು. ಇದೇ ಎಳೆಯ ಕಣಗಳು ಮೂಳೆಮಜ್ಜೆಯಲ್ಲಿ ಶೇ. 25 ದಾಟಿದರೆ ಹೆಸರು ಲುಕೇಮಿಯಾ (ರಕ್ತದ ಕ್ಯಾನ್ಸರ್) ಆಗುತ್ತದೆ. ಕಾಯಿಲೆ ಒಂದೇ, ಮದ್ದೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಗಡ್ಡೆ ಎಲ್ಲಿಂದ ತರ್ತೀರಿ?

ಎರಡನೆಯದು, ಅವರ ಕೈಯಲ್ಲಿರುವ ಬಯಾಪ್ಸಿ ರಿಪೋರ್ಟ್. ಅದರಲ್ಲಿ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಹುಡುಗನ ಅಕ್ಕನೋ ಅಣ್ಣನೋ ಅದನ್ನು ಮಂಚದ ಮೇಲೆ ಹರಡಿ, ಕರಪತ್ರ ಪಕ್ಕಕ್ಕಿಟ್ಟು, ಬೆರಳಿಟ್ಟು ಅಕ್ಷರ ಕೂಡಿಸಿ ನೋಡುತ್ತಾರೆ. ‘ನಮ್ಮದು ಇದೇ ತಾನೇ ಸಿಸ್ಟರ್?’ ಏಡಿಗಂತಿ ಅಂತಿದ್ದರೆ ನಾನು ಏನು ಹೇಳಲಿ?

*

ಹಾಗಾದರೆ ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳೋಣ. ಭಾಷೆ ಬೆಳೆಯೋದು ಹೀಗೇ ಅಲ್ವಾ.

*

ಆಸ್ಪತ್ರೆ ಅನ್ನುವ ಪದ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಕ್ಯಾನ್ಸರ್ ಮಾತ್ರ ಬಾಗಿಲಲ್ಲೇ ನಿಂತಿರಬೇಕು.

*

ಕೇಳಿದವನು ನಾನು, ಸ್ವಲ್ಪ ಜಾಗ ಬಿಡಿ. ಹೆಸರನ್ನು ರಿಪೋರ್ಟಿನಲ್ಲಿದ್ದಂತೆಯೇ ಕನ್ನಡ ಅಕ್ಷರದಲ್ಲಿ ಬಿಟ್ಟೆ. ಕೆಳಗಿನ ಸಾಲಿಗೆ ‘ಮೊಳಕೆ’ ಹಾಕಿ ನೋಡಿದೆ, ಏನೋ ಒಳ್ಳೆಯದು ಬೆಳೆಯುತ್ತಿದೆ ಅನ್ನಿಸಿತು. ‘ಎಳಸು’ ಅರ್ಥಕ್ಕೆ ಸರಿಯಾಗಿ ಕೂರುತ್ತದೆ, ಆದರೆ ಮಗನ ಕಾಯಿಲೆಯ ಪಕ್ಕ ಅದು ಬೈಗುಳದ ಹಾಗೆ ಕೇಳುತ್ತದೆ. ಕೊನೆಗೆ ಉಳಿದದ್ದು: ‘ಇನ್ನೂ ಬಲಿಯದ ಬಿಳಿ ರಕ್ತಕಣಗಳ ಕ್ಯಾನ್ಸರ್’. ದುಗ್ಧ ಹೋಯಿತು, ಸ್ಫೋಟ ಹೋಯಿತು. ಎಲ್ಲರಿಗೂ ಥ್ಯಾಂಕ್ಸ್.

*

‘ಬಲಿಯದ’ ಚೆನ್ನಾಗಿದೆ. ಕ್ಯಾನ್ಸರ್ ಇಟ್ಟುಕೊಂಡಿರಿ, ಆಗಲಿ. ಅಚ್ಚಿಗೆ ಇನ್ನೂ ಹೋಗಿಲ್ಲ ತಾನೇ? ‘ರಕ್ತ’ವನ್ನಾದರೂ ನೆತ್ತರು ಮಾಡಿ.