ಸಹಾಯ ಬೇಕು: ಇಂಟರಾಕ್ಟಿವ್ ಬೋರ್ಡ್‌ನಲ್ಲಿ ಗೆರೆ ಜಾರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ದಾನಿಯೊಬ್ಬರು ನಮಗೆ ಪ್ರೊಜೆಕ್ಟರ್ ಸಮೇತ ಇಂಟರಾಕ್ಟಿವ್ ಬೋರ್ಡ್, ಅಂದರೆ ಪ್ರೊಜೆಕ್ಟರ್ ಚಿತ್ರದ ಮೇಲೆ ಪೆನ್ನಿನಿಂದ ಬರೆಯಬಹುದಾದ ಬೋರ್ಡ್, ಕೊಡಿಸಿದ್ದಾರೆ. ಮಕ್ಕಳಿಗೆ ಅದೆಂದರೆ ಪ್ರಾಣ.

ತೊಂದರೆ ಏನೆಂದರೆ, ಪೆನ್ನು ಇಟ್ಟ ಜಾಗದಲ್ಲಿ ಗೆರೆ ಬೀಳುವುದಿಲ್ಲ. ಬೆಳಿಗ್ಗೆ ಪರದೆಯ ಗುರುತುಗಳನ್ನೆಲ್ಲ ಒತ್ತಿ ಕ್ಯಾಲಿಬ್ರೇಷನ್ (ಪೆನ್ನಿನ ಜಾಗಕ್ಕೂ ಚಿತ್ರಕ್ಕೂ ಹೊಂದಿಸುವುದು) ಮಾಡುತ್ತೇನೆ. ಪ್ರೊಜೆಕ್ಟರ್ ಇರುವುದು ಮೇಜಿನ ಮೇಲೆ. ಯಾರಾದರೂ ಮೇಜಿಗೆ ಸ್ವಲ್ಪ ತಗುಲಿದರೂ ಮತ್ತೆ ಮೊದಲಿಂದ. ನಿನ್ನೆ ಎರಡನೇ ತರಗತಿಯ ಹುಡುಗಿಯೊಬ್ಬಳು ತುದಿಗಾಲಲ್ಲಿ ನಿಂತು 'ಅ' ಬರೆದಳು. ಗೆರೆ ನಾಲ್ಕು ಬೆರಳು ಆಚೆ ಮೂಡಿತು, ಅದರ ಮೇಲೆ ಅವಳದೇ ನೆರಳು. ತಾನೇ ತಪ್ಪು ಮಾಡಿದೆ ಅಂದುಕೊಂಡು ಪೆನ್ನು ಇಟ್ಟು ಸುಮ್ನೆ ಹೋಗಿ ಕೂತಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಪ್ರೊಜೆಕ್ಟರನ್ನು ಮೇಲೆ ಹಾಕಿಸೋಣ ಅಂದರೆ ನಮ್ಮದು ಹೆಂಚಿನ ಕಟ್ಟಡ. ತೊಲೆಗೆ ಕಬ್ಬಿಣದ ಪಟ್ಟಿ ಹೊಡೆಸಿದರೆ ಅಲುಗಾಡದೆ ನಿಲ್ಲುತ್ತದಾ? ಶಾರ್ಟ್ ಥ್ರೋ ಪ್ರೊಜೆಕ್ಟರ್ ಬೋರ್ಡಿಗೆ ಹತ್ತಿರವೇ ಇರುವುದರಿಂದ ನೆರಳು ಕಡಿಮೆ. ಹಳೆಯದು ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಇನ್ನೊಂದು ವಿಷಯ. ನಮ್ಮದು ನಲಿಕಲಿ ತರಗತಿ. 1995ರಲ್ಲಿ ಇಲ್ಲೇ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು ಅಲ್ವಾ, ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಲಿಯುತ್ತಾರೆ. ಬೋರ್ಡ್ ಹಾಕಿದರೆ ಎಲ್ಲರೂ ಒಂದೇ ಕಡೆ ತಿರುಗುತ್ತಾರೆ, ಗುಂಪಿನ ಕೆಲಸ ನಿಂತುಹೋಗುತ್ತದೆ. ಒಂದು ಗುಂಪಿಗೆ ಮಾತ್ರ ಬೋರ್ಡ್ ಕೊಟ್ಟು ನಡೆಸುವವರು ಇದ್ದೀರಾ? ಬೋರ್ಡಿನ ಮೇಲೆ ಬರೆಯಲು ಉಚಿತವಾಗಿ ಸಿಗುವ ಓಪನ್‌ಬೋರ್ಡ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ, ಕನ್ನಡ ಅಕ್ಷರದ ಚಟುವಟಿಕೆ ಮಾಡಿಟ್ಟಿದ್ದರೆ ಹಂಚಿಕೊಳ್ಳಿ. ಮಂಡ್ಯ, ಮೈಸೂರು ಸುತ್ತಮುತ್ತ ಯಾರ ಶಾಲೆಯಲ್ಲಾದರೂ ಚೆನ್ನಾಗಿ ನಡೆಯುತ್ತಿದ್ದರೆ ಹೇಳಿ, ಶನಿವಾರ ಮಧ್ಯಾಹ್ನ ಬಂದು ನೋಡುತ್ತೇನೆ.