ವಿಆರ್ (ಹೆಡ್‌ಸೆಟ್ ಹಾಕಿ ನೋಡುವ ವರ್ಚುವಲ್ ರಿಯಾಲಿಟಿ) ಹಾಕಿಸಿದರೆ ಮಕ್ಕಳಿಗೆ ವಯಸ್ಸಾದವರ ಕಷ್ಟ ಅರ್ಥ ಆಗುತ್ತದಾ?

ದೇರಳಕಟ್ಟೆ_ಟೀಚರ್:
ನಾನು ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊನ್ನೆ ವಾರ್ಡಿನಲ್ಲಿ ಒಬ್ಬರು ಅಜ್ಜಿ ಮೂರು ಸಲ "ದಾದ?" (ತುಳುವಿನಲ್ಲಿ "ಏನು?") ಅಂತ ಕೇಳಿದ್ದಕ್ಕೆ ನಮ್ಮ ಹುಡುಗಿ ಅವರ ಕಿವಿ ಹತ್ತಿರ ಬಾಯಿಟ್ಟು ಕಿರುಚಿದಳು. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದರು, ಮತ್ತೆ ಮಾತೇ ಇಲ್ಲ. ಹುಡುಗಿ ಕೆಟ್ಟವಳಲ್ಲ ಮಾರ್ರೆ, 19 ವರ್ಷ, ಅಷ್ಟೇ. ಅಮೆರಿಕದಲ್ಲಿ 'ವಿ ಆರ್ ಆಲ್ಫ್ರೆಡ್' ಅಂತ ಒಂದು ವಿಆರ್ ಉಂಟಂತೆ, ಹೆಡ್‌ಸೆಟ್ ಹಾಕಿದರೆ ನಾವೇ 74 ವರ್ಷದ ಅಜ್ಜ. ಯಾರಾದರೂ ನೋಡಿದ್ದೀರಾ? ಪ್ರಿನ್ಸಿಪಾಲರ ಹತ್ತಿರ ದುಡ್ಡು ಕೇಳುವ ಮೊದಲು ಗೊತ್ತಾಗಬೇಕಿತ್ತು.

ಮಣಿಪಾಲ_ಮಳೆ:
ನೋಡಿದ್ದೇನೆ. ಆಲ್ಫ್ರೆಡ್‌ಗೆ ಮ್ಯಾಕ್ಯುಲರ್ ಡಿಜನರೇಶನ್, ಅಂದರೆ ನಡುನೋಟ ಹಾಳಾಗುವ ಕಣ್ಣಿನ ಕಾಯಿಲೆ, ಜೊತೆಗೆ ಕಿವಿ ಮಂದ. ನೋಟದ ನಟ್ಟನಡುವೆ ಕಪ್ಪು ಕಲೆ, ನೀವು ಎಲ್ಲಿ ನೋಡುತ್ತೀರೋ ಅದೂ ಅಲ್ಲಿಗೇ ಬರುತ್ತದೆ. ಡಾಕ್ಟರ್ ಆಲ್ಫ್ರೆಡ್‌ನ ನೆನಪು, ಬುದ್ಧಿ ಪರೀಕ್ಷೆ ಮಾಡುತ್ತಾರೆ, ಆದರೆ ಹಾಳೆ ಕಾಣುವುದಿಲ್ಲ, ಪ್ರಶ್ನೆ ಕಿವಿಗೆ ಬೀಳುವುದಿಲ್ಲ, ಎದುರು ಕೂತವರಿಗೆ ಮಾತ್ರ ಅಜ್ಜನಿಗೆ ಮರೆವು ಅಂತ ಅನುಮಾನ. ನನಗೆ ಅಲ್ಲೇ ನಮ್ಮಜ್ಜ ನೆನಪಾದರು. ಮಾತಾಡುವಾಗ ನನ್ನ ಮುಖ ಬಿಟ್ಟು ಬಾಗಿಲ ದಾರಂದ ನೋಡುತ್ತಿದ್ದರು. ಸಿಟ್ಟು ಅಂದುಕೊಂಡಿದ್ದೆ. ಅವರು ಕಣ್ಣಿನ ಅಂಚಿನಿಂದ ನನ್ನನ್ನೇ ನೋಡುತ್ತಿದ್ದರು.

ಕಿವಿಯ_ಕೆಲಸ:
ಆಡಿಯಾಲಜಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವುದು, ನನ್ನ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಉದ್ದ. ವಯಸ್ಸಾದಾಗ ಮೊದಲು ಹೋಗುವುದು ಕೀರಲು ಶಬ್ದ. ಸ, ಶ, ಚ ಇಂಥವು ಮಸುಕಾಗುತ್ತವೆ, ಸ್ವರಗಳು ಮಾತ್ರ ಚೆನ್ನಾಗಿ ಉಳಿಯುತ್ತವೆ. "ಸಕ್ಕರೆ ಹಾಕಲಾ" ಅಂದರೆ "ಅಕ್ಕರೆ ಆಕಲಾ" ಅಂತ ಏನೋ ಕೇಳಿಸುತ್ತದೆ. ಕಿರುಚಿದರೆ ಏನಾಗುತ್ತದೆ? ಆ ಸ್ವರಗಳೇ ಇನ್ನೂ ದೊಡ್ಡದಾಗುತ್ತವೆ, ಬೇಕಾದ ಅಕ್ಷರ ಬರುವುದೇ ಇಲ್ಲ. ಮೇಲಿಂದ, ಬೈದ ಹಾಗೆ ಇರುತ್ತದೆ. ಬೆಳಕಿನಲ್ಲಿ ಎದುರು ನಿಂತು, ಮಾಸ್ಕ್ ತೆಗೆಯಬಹುದಾದರೆ ತೆಗೆದು, ತಗ್ಗಿದ ದನಿಯಲ್ಲಿ ನಿಧಾನ ಮಾತಾಡಲಿ. ಟಿವಿ ಆರಿಸಲಿ.

ಬಸ್ಸಿನ_ಕೊನೆ_ಸೀಟು:
ವಿಆರ್ ಬೇಡ ಅನ್ನುವುದಿಲ್ಲ, ಆದರೆ 7-8 ನಿಮಿಷಕ್ಕೆ ಕಳಚಿ ಇಡಬಹುದಲ್ವಾ? ಕೆಲವು ಮಕ್ಕಳು "ಅಯ್ಯೋ ಪಾಪ" ಅಂತ ಹೊರಗೆ ಬರುತ್ತಾರೆ, ಅಜ್ಜಿಗೆ ಬೇಕಾದ್ದು ಪಾಪ ಅಲ್ಲ. ಇನ್ನೊಂದು ವಿಷಯ, ಆ ಆಲ್ಫ್ರೆಡ್ ವಿಆರ್ ಮಾಡಿಸಿದ ಕ್ಯಾರಿ ಶಾ ಕೂಡ ಶುರು ಮಾಡಿದ್ದು ಒಂದು ಕನ್ನಡಕದಿಂದ. ಅವರ ಅಮ್ಮನಿಗೆ ಆಲ್ಝೈಮರ್ಸ್ (ಮರೆವಿನ ಕಾಯಿಲೆ), ಜೊತೆಗೆ ನೋಟದ ಒಂದು ಭಾಗವೇ ಕಾಣುತ್ತಿರಲಿಲ್ಲ. ನೋಡಿಕೊಳ್ಳುವವರಿಗೆ ತಿಳಿಯಲಿ ಅಂತ ಗಾಜಿನ ಅಷ್ಟು ಭಾಗ ಮುಚ್ಚಿ ಕೊಟ್ಟರು. ನೀವೂ ಹಳೇ ಕನ್ನಡಕಕ್ಕೆ ವ್ಯಾಸಲೀನ್ ಹಚ್ಚಿ, ಕಿವಿಗೆ ಹತ್ತಿ, ಚಪ್ಪಲಿಯೊಳಗೆ ನಾಲ್ಕು ಕಡಲೆ, ಕೈಗೆ ಎರಡು ಜೊತೆ ಗ್ಲೌಸ್ ಹಾಕಿ ಮಾತ್ರೆ ಶೀಟಿನಿಂದ ಮಾತ್ರೆ ತೆಗೆಯಲು ಹೇಳಿ. ಧೈರ್ಯ ಇದ್ದರೆ ಹಾಗೇ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸಿಟಿ ಬಸ್ ಹತ್ತಿಸಿ, ಕಂಡಕ್ಟರ್ "ಬೇಗ ಬೇಗ" ಅನ್ನುವಾಗ! (ತಮಾಷೆ, ಹತ್ತಿಸಬೇಡಿ.)

ದೇರಳಕಟ್ಟೆ_ಟೀಚರ್:
ಈಗಷ್ಟೇ ನಾನೇ ಮಾಡಿ ನೋಡಿದೆ. ಎರಡು ಮಾತ್ರೆ ಹೇಗೋ ಬಂತು, ಮೂರನೆಯದು ಮಂಚದಡಿ ಹಾರಿತು, ಇನ್ನೂ ಸಿಕ್ಕಿಲ್ಲ. ಮಗ ನಗುತ್ತಿದ್ದಾನೆ. ಸೋಮವಾರ ಕ್ಲಾಸಿನಲ್ಲಿ ಇದನ್ನೇ ಮಾಡಿಸಿ, ಮಧ್ಯಾಹ್ನ ಹುಡುಗಿಯನ್ನು ಅದೇ ಅಜ್ಜಿ ಹತ್ತಿರ ಕಳಿಸುತ್ತೇನೆ. ಹೆಡ್‌ಸೆಟ್ಟಿನ ಅರ್ಜಿ ಆಮೇಲೆ ನೋಡೋಣ.